ಮೋಟಾರು ಶರ್ಯತ್ತೂ ಬಾಲಕರೂ

ಹಳಿಯಾಳ ತಾಲೂಕಿನ ತೇರಗಾಂವದಲ್ಲಿ ಒಕ್ಕಲುಮಗನು ಹೋರಿಗರುವಿನ ಹೆಗಲಿಗೆ ನೊಗವನ್ನಿಡುವ ಮೊದಲು ಅದರ ಬಾಯಿ ತೆರೆದು ನೋಡುವನು. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ಹಗುರಾದ ಕೆಲಸಕ್ಕೆ ಹೂಡಿ ರೂಢಿ ಮಾಡಿಸುವನು. ಬಾಯಿಗೂಡಿದ ಮೇಲೆಯೇ ಪೂರ್ಣವಾದ ಹೇರು. ಹಾಲುಹಲ್ಲಿನ ಕರುವಿಗೆ ಹೇರು ಹೊರಿಸಿದವನನ್ನು ಊರು ಒಳ್ಳೆಯ ಒಕ್ಕಲುಮಗನೆಂದು ಎಣಿಸುವದಿಲ್ಲ. ಈ ನಿಯಮವನ್ನು ಯಾವ ಸರಕಾರವೂ ಬರೆದುಕೊಟ್ಟುದಲ್ಲ. ಎತ್ತು ಮನೆಯ ಆಸ್ತಿ, ಅದರ ಹೆಗಲು ಮುರಿದರೆ ಮನೆಯೇ ಮುರಿದಂತೆ ಎಂಬ ತಿಳುವಳಿಕೆಯಿಂದ ಅದು ತಾನಾಗಿ ಬಂದಿದೆ.

ಅದೇ ಮನೆಯ ಪಡಸಾಲೆಯಲ್ಲಿ ಸಂಜೆಯ ಹೊತ್ತು ಹನ್ನೆರಡು ವರ್ಷದ ಹುಡುಗನು ಮೊಬೈಲಿನಲ್ಲಿ ಮೋಟಾರು ಶರ್ಯತ್ತನ್ನು ನೋಡುತ್ತಾನೆ. ಬೆಳಗಾದರೆ ಅಪ್ಪನ ಗಾಡಿಯನ್ನು ಹೊರತೆಗೆದು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಓಡಿಸುತ್ತಾನೆ. ‘ಹುಡುಗ ಎಷ್ಟು ಚೆನ್ನಾಗಿ ಹೊಡೆಯುತ್ತಾನೆ!’ ಎಂದು ಹಿರಿಯರು ಹಿಗ್ಗುತ್ತಾರೆ. ಕರುವಿನ ಹಲ್ಲನ್ನು ಎಣಿಸುವ ಕಣ್ಣು ಮಗನ ವಯಸ್ಸನ್ನೇಕೆ ಎಣಿಸದು? ಈ ಪ್ರಶ್ನೆಯು ಕೇವಲ ಒಂದು ಊರಿನದಲ್ಲ. ಬೆಂಗಳೂರಿನ ಸುಶಿಕ್ಷಿತರ ಮನೆಗಳಲ್ಲಿಯೂ, ಶರ್ಯತ್ತುಗಳನ್ನು ನಡೆಸುವ ಸಂಸ್ಥೆಗಳಲ್ಲಿಯೂ, ಕಾನೂನನ್ನು ಮಾಡುವ ಸಭೆಗಳಲ್ಲಿಯೂ ಇದನ್ನು ಕೇಳಬೇಕಾಗಿದೆ.

ಮೊದಲು ಒಂದು ಪೂರ್ವಪಕ್ಷವನ್ನು ತೀರಿಸಬೇಕು. ಮೋಟಾರು ಶರ್ಯತ್ತೇ ಪರದೇಶದ ದುರ್ವ್ಯಸನ, ಆರ್ಯಭೂಮಿಗೆ ಸಲ್ಲದ್ದು, ಅದನ್ನು ಬೇರುಸಹಿತ ಕಿತ್ತೊಗೆಯಬೇಕು ಎಂದು ಕೆಲವು ವೃದ್ಧರು ಗುಡುಗುತ್ತಾರೆ. ಈ ಮಾತು ನಿಲ್ಲುವದಿಲ್ಲ. ವೇದಕಾಲದ ಜನರು ಶರ್ಯತ್ತನ್ನು ಬಲ್ಲವರು; ಅದಕ್ಕೆ ‘ಆಜಿ’ ಎಂಬ ಹೆಸರೇ ಇತ್ತು. ವಾಜಪೇಯ ಯಾಗದಲ್ಲಿ ಹದಿನೇಳು ರಥಗಳ ಓಟವು ಯಾಗದ ಒಂದು ಅಂಗವೇ ಆಗಿರುತ್ತದೆ. ದೇವತೆಗಳು ತಮ್ಮೊಳಗೆ ಪಂದ್ಯ ಕಟ್ಟಿ ಓಡಿದಾಗ ಕುದುರೆಯ ರಥದ ಇಂದ್ರನನ್ನೂ ಹಿಂದೆ ಹಾಕಿ ಕತ್ತೆ ಹೂಡಿದ ರಥದಲ್ಲಿ ಅಶ್ವಿನೀದೇವತೆಗಳು ಗೆದ್ದರೆಂದು ಐತರೇಯ ಬ್ರಾಹ್ಮಣವು ಹೇಳುತ್ತದೆ. ಧಾರವಾಡ, ಬೆಳಗಾವಿ, ಹಳಿಯಾಳಗಳ ಸೀಮೆಯಲ್ಲಿ ಚಕ್ಕಡಿಯ ಶರ್ಯತ್ತನ್ನು ನೋಡದೆ ಬೆಳೆದವರು ವಿರಳ. ಆದುದರಿಂದ ವೇಗದ ಆಶೆ ಮನುಷ್ಯನ ಸ್ವಭಾವದಲ್ಲಿಯೇ ಇದೆ. ಅದನ್ನು ಪರದೇಶದವರು ತಂದು ಕೊಟ್ಟರೆಂಬುದು ಸುಳ್ಳು.

ಇನ್ನು ಮೋಟಾರು ಶರ್ಯತ್ತು ಕರ್ನಾಟಕಕ್ಕೆ ಹೊಸದೂ ಅಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಖಂಡದ ರ‍್ಯಾಲಿ ಸ್ಪರ್ಧೆಯ ಸುತ್ತುಗಳು ನಡೆದಿವೆ. 2016ರಲ್ಲಿ ಗೌರವ್ ಗಿಲ್ ಎಂಬ ಚಾಲಕನು ಅಲ್ಲಿಯೇ ಗೆದ್ದು ಆ ವರ್ಷದ ಪ್ರಶಸ್ತಿಯನ್ನು ಪಡೆದನು. 2019ರಲ್ಲಿ ಅವನಿಗೆ ಅರ್ಜುನ ಪ್ರಶಸ್ತಿ ಬಂದಿತು; ಮೋಟಾರು ಕ್ರೀಡೆಗೆ ಆ ಮನ್ನಣೆ ದೊರೆತುದು ಅದೇ ಮೊದಲು. ಬೆಂಗಳೂರಿನ ಅರ್ಜುನ್ ಮೈನಿಯು 2021ರಿಂದ ಜರ್ಮನಿಯ ಪ್ರಸಿದ್ಧವಾದ ‘ಡಿ.ಟಿ.ಎಂ.’ ಟೂರಿಂಗ್ ಕಾರು ಸ್ಪರ್ಧೆಯಲ್ಲಿ ಕಾರನ್ನು ಓಡಿಸತೊಡಗಿದನು. ಇವರು ಪ್ರಾಪ್ತವಯಸ್ಕರು, ತಮ್ಮ ಪ್ರಾಣದ ಬೆಲೆಯನ್ನು ತಾವೇ ತೂಗಿ ನೋಡಿ ಈ ಕಲೆಯನ್ನು ಕೈಕೊಂಡವರು. ಇವರ ಸಾಹಸವನ್ನು ಹೀಗಳೆಯುವದು ಮತ್ಸರವೇ ಹೊರತು ವಿವೇಕವಲ್ಲ.

ಹಾಗಾದರೆ ಆಕ್ಷೇಪಣೆ ಯಾವುದಕ್ಕೆ? ಎರಡು ಸಂಗತಿಗಳಿಗೆ. ಜನರು ನಡೆಯುವ ದಾರಿಯನ್ನು ಶರ್ಯತ್ತಿನ ದಾರಿ ಮಾಡುವದು ಒಂದು. ಮಕ್ಕಳನ್ನು ಶರ್ಯತ್ತಿಗೆ ಹೂಡುವದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಘೋರವಾದುದು.

ಮೊದಲನೆಯದನ್ನು ಸಂಕ್ಷೇಪವಾಗಿ ನೋಡೋಣವಾಗಲಿ. ಯುರೋಪಿನಲ್ಲಿಯೂ ಮೊದಮೊದಲು ಶರ್ಯತ್ತುಗಳು ಊರಿಂದೂರಿಗೆ ಹೋಗುವ ಸಾಮಾನ್ಯ ರಸ್ತೆಗಳಲ್ಲಿಯೇ ನಡೆಯುತ್ತಿದ್ದವು. 1955ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ಒಂದು ಕಾರು ಪ್ರೇಕ್ಷಕರ ಮೇಲೆ ಹಾರಿ ಬಿದ್ದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. 1957ರಲ್ಲಿ ಇಟಲಿಯ ‘ಮಿಲ್ಲೆ ಮಿಲಿಯಾ’ ಶರ್ಯತ್ತಿನಲ್ಲಿ ದಾರಿಯ ಬದಿಗೆ ನಿಂತ ಜನರು ಸತ್ತುದರಿಂದ ಆ ಶರ್ಯತ್ತೇ ನಿಂತುಹೋಯಿತು. ಸ್ವಿಟ್ಜರ್ಲೆಂಡ್ ದೇಶವು 1958ರಲ್ಲಿ ಚಕ್ರಪಥದ ಶರ್ಯತ್ತನ್ನೇ ಕಾನೂನಿನಿಂದ ನಿಲ್ಲಿಸಿ ಹಲವು ದಶಕಗಳ ವರೆಗೆ ಆ ನಿಷೇಧವನ್ನು ಕಾಪಾಡಿತು. ಹೀಗೆ ಪೆಟ್ಟು ತಿಂದು ತಿಂದು ಆ ಜನರು ಶರ್ಯತ್ತನ್ನು ಊರ ದಾರಿಯಿಂದ ಎತ್ತಿ ಬೇಲಿ, ತಡೆಗೋಡೆ, ಜಲ್ಲಿಯ ಹಾಸು, ವೈದ್ಯರ ತಂಡ ಇವೆಲ್ಲ ಇರುವ ಪ್ರತ್ಯೇಕ ಚಕ್ರಪಥಗಳೊಳಗೆ ಇಟ್ಟರು.

ಭಾರತದಲ್ಲಿ ಈ ಪಾಠವು ಅರ್ಧ ಮಾತ್ರ ಮುಟ್ಟಿದೆ. ಎರಡನೆಯ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಓಟವು 1990ರಿಂದ ಚೆನ್ನೈಯ ಬಳಿಯ ಇರುಂಗಾಟ್ಟುಕೋಟೈಯ ಚಕ್ರಪಥಕ್ಕೆ ಬಂದಿತು. ದಿಲ್ಲಿಯ ಬಳಿ ಗ್ರೇಟರ್ ನೋಯ್ಡಾದಲ್ಲಿ ಕಟ್ಟಿದ ಬುದ್ಧ ಚಕ್ರಪಥದಲ್ಲಿ 2011, 2012, 2013 ಈ ಮೂರು ವರ್ಷ ‘ಫಾರ್ಮುಲಾ ಒನ್’ ಓಟ ನಡೆಯಿತು. ಅದು ಕ್ರೀಡೆಯೋ ಮನೋರಂಜನೆಯೋ ಎಂಬ ತೆರಿಗೆಯ ವಾದವೇ ಆ ಓಟದ ಗದ್ದಲಕ್ಕಿಂತ ದೊಡ್ಡದಾಗಿ ಓಟವು ನಿಂತುಹೋಯಿತು. ಇತ್ತ ರ‍್ಯಾಲಿಗಳು ಮಾತ್ರ ಊರ ದಾರಿಗಳಲ್ಲಿಯೇ ಇವೆ. 2019ರ ಸೆಪ್ಟೆಂಬರ 21ರಂದು ರಾಜಸ್ಥಾನದ ಬಾಡಮೇರ ಜಿಲ್ಲೆಯಲ್ಲಿ ರ‍್ಯಾಲಿಯ ಕಾರೊಂದು ದ್ವಿಚಕ್ರ ವಾಹನಕ್ಕೆ ಬಡಿದು ಗಂಡ, ಹೆಂಡತಿ, ಮಗ ಮೂವರೂ ಅಲ್ಲಿಯೇ ಸತ್ತರು. ದಾರಿಯನ್ನು ಮುಚ್ಚಿತ್ತೆಂಬುದು ವ್ಯವಸ್ಥಾಪಕರ ಉತ್ತರ. ಮುಚ್ಚಿರಲೂಬಹುದು. ಆದರೆ ತಲೆಮಾರುಗಳಿಂದ ತುಳಿದ ದಾರಿಯು ಒಂದು ಬೆಳಗಿನಲ್ಲಿ ಪರರದಾಗುವದೆಂಬುದನ್ನು ಹಳ್ಳಿಗನಿಗೆ ಒಂದು ಹಗ್ಗ ಕಟ್ಟಿ ತಿಳಿಸಿದರೆ ಸಾಕೆ? ದಾರಿಯ ಮೇಲೆ ಮೊದಲ ಹಕ್ಕು ನಡೆಯುವವನದು. ಈ ಮಾತನ್ನು ಒಪ್ಪಿಕೊಂಡವರಿಗೆ ಊರ ದಾರಿಯಲ್ಲಿ ಶರ್ಯತ್ತು ನಡೆಸಲು ಬಾಯಿ ಬಾರದು.

ಇನ್ನು ಎರಡನೆಯ ಸಂಗತಿ. ಇಲ್ಲಿ ಎರಡು ದಿನಾಂಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಶರ್ಯತ್ತನ್ನೂ ನಿಲ್ಲಿಸಿತು. ಎತ್ತು ಓಡುವದಕ್ಕಾಗಿ ಹುಟ್ಟಿದ ಪ್ರಾಣಿಯಲ್ಲ, ಅದರ ನೋವು ಮನುಷ್ಯನ ವಿನೋದಕ್ಕೆ ಸಲ್ಲದು ಎಂಬುದು ಅದರ ಅಭಿಪ್ರಾಯದ ಸಾರ. ಕರ್ನಾಟಕವು 2017ರಲ್ಲಿ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಗೆ ತಿದ್ದುಪಡಿ ತಂದು, ಅನಾವಶ್ಯಕ ನೋವು ಆಗಬಾರದೆಂಬ ಕರಾರಿನಿಂದ ಕಂಬಳವನ್ನೂ ಗಾಡಿಯ ಓಟವನ್ನೂ ಮರಳಿ ಬಿಟ್ಟುಕೊಟ್ಟಿತು. ಆ ತಿದ್ದುಪಡಿಯೂ ಕೋರ್ಟನ್ನು ಏರಿತು. ಐವರು ನ್ಯಾಯಾಧೀಶರು ಕೂಡಿ ಕುಳಿತು ವಾದಗಳನ್ನು ಕೇಳಿ, 2023ರ ಮೇ 18ರಂದು ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿದರು. ಒಂಬತ್ತು ವರ್ಷಗಳ ವರೆಗೆ ಒಂದು ದೇಶವು ಎತ್ತು ಕೋಣಗಳ ನೋವನ್ನು ಕುರಿತು ವಿಚಾರ ಮಾಡಿತು. ಇದು ದೇಶಕ್ಕೆ ಭೂಷಣವೇ ಸರಿ.

ಆ ತೀರ್ಪಿನ ತರುವಾಯ 79ನೆಯ ದಿನ, 2023ರ ಆಗಸ್ಟ 5ರಂದು, ಚೆನ್ನೈಯ ಅದೇ ಚಕ್ರಪಥದಲ್ಲಿ ರಾಷ್ಟ್ರೀಯ ಮೋಟಾರ್ ಸೈಕಲ್ ಸ್ಪರ್ಧೆ ನಡೆದಿತ್ತು. ಓಟವು ಆಗತಾನೆ ಆರಂಭವಾಗಿತ್ತು. ಬೆಂಗಳೂರಿನ ಒಬ್ಬ ಬಾಲಕನು ತಿರುವಿನಲ್ಲಿ ಬಿದ್ದನು, ಬಿದ್ದವನು ಏಳಲಿಲ್ಲ. ಅವನು ಹದಿಮೂರು ತುಂಬಿ ಕೆಲವು ದಿನಗಳಷ್ಟೇ ಕಳೆದಿದ್ದವು. ಆ ವರ್ಷ ಅವನು ಹಲವು ಓಟಗಳನ್ನು ಗೆದ್ದವನು, ನಿಪುಣನು, ಎಲ್ಲರ ಮೆಚ್ಚುಗೆಗೆ ಪಾತ್ರನಾದವನು. ವ್ಯವಸ್ಥಾಪಕರು ಆ ದಿನದ ಮತ್ತು ಮರುದಿನದ ಓಟಗಳನ್ನು ನಿಲ್ಲಿಸಿ ಶೋಕವನ್ನು ತೋರಿಸಿದರು. ಆ ಮನೆಯ ದುಃಖವನ್ನು ಕುರಿತು ಬೇರೆಯವರು ಆಡುವ ಮಾತಿಲ್ಲ. ಆ ತಾಯಿತಂದೆಗಳ ಮೇಲೆ ಬೆರಳು ತೋರಿಸುವದು ಕ್ರೌರ್ಯ. ಮಗನಲ್ಲಿ ಗುಣವನ್ನು ಕಂಡು ಲೋಕವು ತೆರೆದಿಟ್ಟ ಬಾಗಿಲಿನಲ್ಲಿ ಅವನನ್ನು ಕಳಿಸಿದರು. ಕೇಳಬೇಕಾದುದು ಬಾಗಿಲನ್ನು ತೆರೆದಿಟ್ಟವರನ್ನು. ಎತ್ತಿಗೆ ಐವರು ನ್ಯಾಯಾಧೀಶರು; ಹದಿಮೂರು ವರ್ಷದ ಮಗುವಿಗೆ ಯಾರು?

‘ರಸ್ತೆಯ ಮೇಲಿನ ಕಾನೂನು ಸಾಕಷ್ಟು ಬಿಗಿಯಾಗಿದೆ’ ಎಂದು ಯಾರಾದರೂ ಹೇಳಿಯಾರು. ರಸ್ತೆಯ ಮೇಲೆ ಬಿಗಿಯಾಗಿರುವದು ನಿಜ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 18 ವರ್ಷ ತುಂಬದೆ ಗಾಡಿ ನಡೆಸಲಾಗದು, 50 ಸಿ.ಸಿ. ಮೀರದ ಚಿಕ್ಕ ಗಾಡಿಗೆ ಮಾತ್ರ 16. ಸರಕಾರದ ಸಮ್ಮತಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಶರ್ಯತ್ತು ಓಡಿಸಿದರೆ ಅದೇ ಕಾಯಿದೆಯ 189ನೆಯ ಕಲಮಿನಂತೆ ಶಿಕ್ಷೆ. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮು ಇನ್ನೂ ಮುಂದೆ ಹೋಗಿ, ಅಪ್ರಾಪ್ತನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೇ 25,000 ರೂಪಾಯಿ ದಂಡವನ್ನೂ ಮೂರು ವರ್ಷದ ವರೆಗಿನ ಸೆರೆವಾಸವನ್ನೂ ವಿಧಿಸುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಪರವಾನಗಿಯೇ ಇಲ್ಲ. ಅಂದರೆ ತೇರಗಾಂವದ ಹುಡುಗನು ಹಾಲಿನ ಕ್ಯಾನನ್ನು ಕಟ್ಟಿಕೊಂಡು ಡೇರಿಗೆ ಗಾಡಿಯಲ್ಲಿ ಹೋದರೆ ಅಪ್ಪನಿಗೆ ಸೆರೆವಾಸದ ಭಯ. ಅದೇ ವಯಸ್ಸಿನ ಹುಡುಗನು ಬೇಲಿಯ ಒಳಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ವೇಗದಲ್ಲಿ ಓಡಿಸಿದರೆ ಹಾರ ತುರಾಯಿ! ಬೇಲಿಯು ಇತರರನ್ನು ಆ ಹುಡುಗನಿಂದ ಕಾಪಾಡೀತು. ಆ ಹುಡುಗನನ್ನು ಯಾವುದು ಕಾಪಾಡಬೇಕು?

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಬಾಲಕಾರ್ಮಿಕರ ಕಾಯಿದೆಯು 1986ರದು. 2016ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. 14 ವರ್ಷದ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು ವಿಧಿಸಿ, ಚಲಚ್ಚಿತ್ರ, ಜಾಹೀರಾತು, ಕ್ರೀಡೆ ಮುಂತಾದವುಗಳಿಗೆ ಕೆಲವು ಕರಾರುಗಳೊಡನೆ ಸಡಿಲು ಬಿಟ್ಟಿದ್ದಾರೆ. ಸರ್ಕಸ್ಸಿಗೆ ಮಾತ್ರ ಸಡಿಲಿಲ್ಲ. ಜಾತ್ರೆಯಲ್ಲಿ ಹಲಗೆಯ ಬಾವಿಯ ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಆಟವನ್ನು ಎಲ್ಲರೂ ನೋಡಿದ್ದಾರೆ. ಸರ್ಕಸ್ಸಿನ ಡೇರೆಯೊಳಗೆ ಅಂಥ ಆಟಕ್ಕೆ ಹದಿಮೂರು ವರ್ಷದ ಹುಡುಗನನ್ನು ಇಳಿಸಿದರೆ ಕಾನೂನು ಸುಮ್ಮನಿರದು. ಅದೇ ಹುಡುಗ, ಅಂಥದೇ ಗಾಡಿ, ಹೆಚ್ಚಿನ ವೇಗ, ಸುತ್ತಲೂ ಇತರ ಗಾಡಿಗಳ ನೂಕುನುಗ್ಗಲು. ಆದರೆ ಹೆಸರು ‘ಕ್ರೀಡೆ’ ಎಂದಾದುದರಿಂದ ಎಲ್ಲವೂ ಕ್ಷೇಮ! ಹೆಸರು ಬದಲಾದರೆ ಎಲುಬು ಗಟ್ಟಿಯಾಗುವುದೆ?

ಇಲ್ಲಿ ಎರಡನೆಯ ಪೂರ್ವಪಕ್ಷವು ಏಳುವದು. ಇದು ಮೊದಲಿನದಕ್ಕಿಂತ ಬಲವಾದುದು. ‘ಯುರೋಪಿನ ವೀರರೆಲ್ಲ ಎಂಟು ಹತ್ತು ವರ್ಷಕ್ಕೇ ಆರಂಭಿಸಿದವರು. ಎಳೆಯದರಲ್ಲಿ ಕಲಿಯದಿದ್ದರೆ ಭಾರತದವನು ಎಂದಿಗೂ ಜಗಜ್ಜೇತನಾಗಲಾರನು. ಸಂಗೀತಗಾರನ ಮಗುವನ್ನು ಐದು ವರ್ಷಕ್ಕೇ ಶ್ರುತಿಗೆ ಕೂಡಿಸುವದಿಲ್ಲವೆ?’ ಎಂದು ಕೇಳುವರು.

ಉತ್ತರವು ಹೀಗಿದೆ. ಅಭ್ಯಾಸವು ಬೇರೆ, ಸ್ಪರ್ಧೆಯು ಬೇರೆ. ಮಗು ಅಪಸ್ವರ ಹಾಡಿದರೆ ಗುರುವು ತಿದ್ದುವನು, ಪ್ರಾಣ ಹೋಗುವದಿಲ್ಲ. ಹಳಿಯಾಳವು ಕುಸ್ತಿಗೆ ಹೆಸರಾದ ಊರು. ಅಲ್ಲಿಯ ಗರಡಿಯ ಪದ್ಧತಿಯನ್ನೇ ನೋಡಬೇಕು. ಚಿಕ್ಕ ಹುಡುಗರು ಗರಡಿಗೆ ಬರುತ್ತಾರೆ. ವಸ್ತಾದರು ಅವರಿಂದ ಮೊದಲು ಮಣ್ಣು ಅಗೆಸುವರು, ದಂಡ ಬೈಠಕು ಹೊಡೆಸುವರು, ಬೀಳುವದನ್ನು ಕಲಿಸುವರು. ಕಣಕ್ಕೆ ಇಳಿಸುವಾಗ ವಯಸ್ಸು, ಮೈಕಟ್ಟು, ತೂಕ ಮೂರನ್ನೂ ನೋಡಿ ಜೋಡಿ ಕಟ್ಟುವರು. ಕೆಳಗೆ ಇರುವದು ಮೆತ್ತಗಿನ ಮಣ್ಣು. ಎದುರಿಗಿರುವವನು ತನ್ನಂಥವನೇ ಹುಡುಗ. ಸೋತವನು ಮೈ ಝಾಡಿಸಿಕೊಂಡು ಎದ್ದು ಮನೆಗೆ ಹೋಗುವನು. ಮಗುವಿಗೆ ಸಲ್ಲುವ ಕ್ರೀಡೆಯ ಲಕ್ಷಣ ಇಷ್ಟೇ: ಸೋತವನು ಮನೆಗೆ ಹೋಗಬೇಕು. ನೆಲಕ್ಕೆ ಹತ್ತಿದ ಚಿಕ್ಕ ನಾಲ್ಕು ಗಾಲಿಯ ಕಾರ್ಟು ಗಾಡಿಯಲ್ಲಿ, ಮಿತವಾದ ವೇಗದಲ್ಲಿ, ಶಿಕ್ಷಕನ ಕಣ್ಣೆದುರಿಗೆ ಹುಡುಗರು ಕಲಿಯುವದನ್ನು ಯಾರೂ ಬೇಡವೆನ್ನುವದಿಲ್ಲ. ಎರಡು ಗಾಲಿಯ ಶರ್ಯತ್ತಿನ ಗಾಡಿಯ ಮೇಲೆ, ಹತ್ತಿಪ್ಪತ್ತು ಜನರ ಗುಂಪಿನಲ್ಲಿ, ಬಿದ್ದರೆ ಹಿಂದಿನವನ ಗಾಲಿ ಮೈಮೇಲೆ ಬರುವ ಸ್ಥಿತಿಯಲ್ಲಿ ಮಗುವನ್ನು ನಿಲ್ಲಿಸುವದು ಅಭ್ಯಾಸವಲ್ಲ.

‘ಯುರೋಪು’ ಎಂದು ಜಪ ಮಾಡುವವರು ಯುರೋಪಿನ ಇತ್ತೀಚಿನ ನಡೆಯನ್ನಾದರೂ ಓದಬೇಕು. 2021ನೆಯ ವರ್ಷ ಒಂದರಲ್ಲಿಯೇ ಅಲ್ಲಿಯ ದ್ವಿಚಕ್ರ ಶರ್ಯತ್ತುಗಳಲ್ಲಿ 19, 15, 14 ವರ್ಷದ ಮೂವರು ಸತ್ತರು. ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟವು ಅದೇ ವರ್ಷ ಎಚ್ಚತ್ತು, ವಿಶ್ವ ಸ್ಪರ್ಧೆಗೆ 2023ರಿಂದ ಸಾಮಾನ್ಯ ನಿಯಮವಾಗಿ 18 ವರ್ಷ ತುಂಬಿರಬೇಕೆಂದು ವಿಧಿಸಿತು. ಕಿರಿಯರ ಸ್ಪರ್ಧೆಗಳ ವಯಸ್ಸನ್ನೂ ಏರಿಸಿತು. ಒಂದೇ ಓಟದಲ್ಲಿ ಇಳಿಯುವವರ ಸಂಖ್ಯೆಯನ್ನೂ ಕಡಿಮೆ ಮಾಡಿತು. ಯಾರನ್ನು ನೋಡಿ ಇಲ್ಲಿಯವರು ಮಕ್ಕಳನ್ನು ಓಡಿಸಿದರೋ ಅವರೇ ಹಿಂದೆ ಸರಿದ ವರ್ಷದಲ್ಲಿ ಇಲ್ಲಿಯ ಮಗು ಸತ್ತಿತು. ಗುರುವು ತಪ್ಪನ್ನು ಒಪ್ಪಿಕೊಂಡು ಪಾಠವನ್ನು ಬದಲಿಸಿದ ಮೇಲೂ ಶಿಷ್ಯನು ಹಳೆಯ ಪಾಠವನ್ನೇ ಉರುಹೊಡೆದರೆ ಅದಕ್ಕೆ ಭಕ್ತಿಯೆನ್ನುವದಿಲ್ಲ.

ಮೂರನೆಯ ಪೂರ್ವಪಕ್ಷವು ಸಮ್ಮತಿಯದು: ‘ಎತ್ತಿಗೆ ಬಾಯಿಲ್ಲ, ಆದುದರಿಂದ ಕೋರ್ಟು ಮಾತಾಡಬೇಕಾಯಿತು. ಹುಡುಗನಿಗೆ ಬಾಯಿದೆ, ಮನಸ್ಸಿದೆ. ತಾಯಿತಂದೆಗಳ ರುಜು ಇದೆ.’ ಹದಿಮೂರರ ಹುಡುಗನ ಸಮ್ಮತಿಗೆ ಏನು ಬೆಲೆ? ಅವನು ಹೊಲವನ್ನು ಮಾರಲಾರನು, ಮತ ಹಾಕಲಾರನು, ಸಾಲದ ಕಾಗದಕ್ಕೆ ರುಜು ಮಾಡಲಾರನು. ಅವನ ಪ್ರಾಣವನ್ನು ಪಣಕ್ಕೆ ಇಡುವ ಕಾಗದಕ್ಕೆ ಮಾತ್ರ ರುಜು ಸಲ್ಲುವುದೆ? ತಾಯಿತಂದೆಗಳ ಸಮ್ಮತಿಯೂ ಎಲ್ಲೆಡೆಯಲ್ಲಿ ಸಲ್ಲುವದಿಲ್ಲ. ಅವರು ಒಪ್ಪಿದರೂ ಬಾಲ್ಯವಿವಾಹವು ಅಪರಾಧವೇ. ಅವರು ಒಪ್ಪಿ ಗಾಡಿಯನ್ನು ಕೊಟ್ಟರೂ ರಸ್ತೆಯ ಮೇಲೆ ಅವರಿಗೇ ಶಿಕ್ಷೆ. ಪ್ರೀತಿಯು ಕಣ್ಣಿಗೆ ಪರೆ ಕಟ್ಟುವದೆಂಬುದನ್ನು ತಿಳಿದೇ ಕಾನೂನು ತಾಯಿತಂದೆಗಳ ಕೈಯನ್ನೂ ಕೆಲವು ಕಡೆ ಹಿಡಿಯುತ್ತದೆ.

ಟೂರಿಂಗ್ ಕಾರು ಶರ್ಯತ್ತನ್ನು ಕುರಿತು ಒಂದು ಮಾತು ಇಲ್ಲಿಯೇ ಸೇರುತ್ತದೆ. ಅಂಗಡಿಯಲ್ಲಿ ಮಾರುವ ಸಾಮಾನ್ಯ ಕಾರಿನ ಮಾದರಿಯನ್ನೇ ಸಿದ್ಧಪಡಿಸಿ ಓಡಿಸುವದು ಅದರ ಮೂಲ ಕಲ್ಪನೆ. ಇಂಗ್ಲೆಂಡಿನಲ್ಲಿ 1958ರಿಂದಲೂ ಇದು ನಡೆದುಬಂದಿದೆ. ಪ್ರೇಕ್ಷಕನಿಗೆ ಇದು ಬಹಳ ಪ್ರಿಯ, ಯಾಕಂದರೆ ತನ್ನ ಮನೆಯ ಕಾರಿನಂಥದೇ ಓಡುತ್ತದೆ. ಮೋಸ ಇರುವದೂ ಅಲ್ಲಿಯೇ. ಹೊರಗಿನ ಆಕಾರವಷ್ಟೇ ಮನೆಯ ಕಾರಿನದು. ಒಳಗೆ ಉಕ್ಕಿನ ಕೊಳವೆಗಳ ಪಂಜರ, ಮೈಯನ್ನು ಹಲವು ಕಡೆ ಬಿಗಿಯುವ ಪಟ್ಟಿ, ಬೆಂಕಿ ತಾಗದ ಉಡುಪು, ಶಿರಸ್ತ್ರಾಣ, ಬೆಂಕಿ ಆರಿಸುವ ಸಾಧನ ಇವೆಲ್ಲ ಇರುತ್ತವೆ. ಇಷ್ಟೆಲ್ಲ ಇದ್ದರೂ 2023ರ ಜನವರಿಯಲ್ಲಿ ಚೆನ್ನೈಯ ಚಕ್ರಪಥದಲ್ಲಿ ಸಲೂನ್ ಕಾರುಗಳ ಓಟದಲ್ಲಿ 59 ವರ್ಷದ ಅನುಭವಿ ಚಾಲಕನೊಬ್ಬನು ಪ್ರಾಣವನ್ನು ಬಿಟ್ಟನು. ಮೊಬೈಲಿನ ಚಿತ್ರದಲ್ಲಿ ಆ ಪಂಜರವು ಕಾಣುವದಿಲ್ಲ. ವೇಗ ಮಾತ್ರ ಕಾಣುತ್ತದೆ. ಅದನ್ನು ನೋಡಿದ ಹುಡುಗನು ಅದೇ ಆಕಾರದ ಗಾಡಿಯನ್ನು ಹಳಿಯಾಳದ ರಸ್ತೆಯಲ್ಲಿ ತಿರುಗಿಸುವನು. ಆದುದರಿಂದ ಶರ್ಯತ್ತನ್ನು ತೋರಿಸುವವರು ಪಂಜರವನ್ನೂ ತೋರಿಸುವ ಹೊಣೆಯನ್ನು ಹೊರಬೇಕು.

ಪಾಂಡವರ ಕಥೆಯನ್ನು ಬಲ್ಲ ಮನೆಗಳಿಗೆ ಇದನ್ನೆಲ್ಲ ವಿಸ್ತರಿಸುವ ಅವಶ್ಯವಿಲ್ಲ. ಅಭಿಮನ್ಯುವಿಗೆ ಹದಿನಾರು. ಚಕ್ರವ್ಯೂಹವನ್ನು ಹೊಗಲು ಬಲ್ಲನು, ಹೊರಬರಲು ಅರಿಯನು. ಈ ಮಾತನ್ನು ಅವನೇ ದೊಡ್ಡಪ್ಪನಿಗೆ ಹೇಳಿದನು. ‘ನೀನು ದಾರಿ ಮಾಡು, ಹಿಂದಿನಿಂದ ನಾವು ಬರುವೆವು’ ಎಂದು ಹಿರಿಯರು ಒಪ್ಪಿಸಿದರು, ಹಿಂದಿನಿಂದ ಬರಲಾಗಲಿಲ್ಲ. ಆ ಸಂಜೆ ಧರ್ಮರಾಯನು ಮಗುವಿನ ಶೌರ್ಯವನ್ನು ಹೊಗಳಿ ಸಮಾಧಾನಪಟ್ಟುಕೊಳ್ಳಲಿಲ್ಲ. ತನ್ನ ಲಾಭಕ್ಕಾಗಿ ಬಾಲಕನನ್ನು ಮುಂದೆ ಮಾಡಿದೆನೆಂದು ತನ್ನನ್ನೇ ಹಳಿದುಕೊಂಡನು. ಇಂದಿನ ಶರ್ಯತ್ತಿನ ಧರ್ಮರಾಯರು ಶೋಕಸಭೆಯಲ್ಲಿ ಶೌರ್ಯವನ್ನು ಮಾತ್ರ ಹೊಗಳುತ್ತಾರೆ.

ಸಿದ್ಧಾಂತವು ಇಷ್ಟು. ಪ್ರಾಪ್ತವಯಸ್ಕರು ಚಕ್ರಪಥದೊಳಗೆ ಓಡಲಿ. ಕರ್ನಾಟಕದಲ್ಲಿಯೂ ಯೋಗ್ಯವಾದ ಚಕ್ರಪಥವೊಂದು ಆದರೆ ಆಗಲಿ, ಉಳುವ ಹೊಲವನ್ನೂ ಕಾಡನ್ನೂ ನುಂಗದಿದ್ದರೆ ಸಾಕು. ಊರ ದಾರಿಯನ್ನು ಶರ್ಯತ್ತಿಗೆ ಕೊಡುವದಾದರೆ ಆ ಊರಿನ ಗ್ರಾಮಸಭೆಯು ಒಪ್ಪಿಯೇ ಕೊಡಬೇಕು. ದಿನ, ಹೊತ್ತು, ಬಳಸುದಾರಿ ಇವೆಲ್ಲವನ್ನು ಕನ್ನಡದಲ್ಲಿ ಡಂಗುರ ಸಾರಿ ತಿಳಿಸಬೇಕು. ದ್ವಿಚಕ್ರದ ಶರ್ಯತ್ತಿನಲ್ಲಿ 18 ತುಂಬದವರನ್ನು ಇಳಿಸಕೂಡದೆಂದು ಕಾನೂನೇ ಹೇಳಬೇಕು. ಎತ್ತಿಗಾಗಿ 2017ರಲ್ಲಿ ಕೂಡಿದ ಶಾಸನಸಭೆಯು ಮಗುವಿಗಾಗಿ ಒಂದು ದಿನ ಕೂಡಲಾರದೆ? ಅದಕ್ಕೂ ಮೊದಲು, ಕಾನೂನಿನ ದಾರಿಯನ್ನು ಕಾಯದೆ, ಪ್ರತಿಯೊಂದು ಮನೆಯೂ ಗಾಡಿಯ ಕೀಲಿಕೈಯನ್ನು ಹುಡುಗನ ಕೈಗೆ ಸಿಗದಲ್ಲಿ ಇಡಬೇಕು. ಇದಕ್ಕೆ ಹಣವೂ ಬೇಡ, ಸಭೆಯೂ ಬೇಡ.

ತೇರಗಾಂವದ ಒಕ್ಕಲುಮಗನು ನಾಳೆ ಬೆಳಿಗ್ಗೆಯೂ ಕರುವಿನ ಬಾಯಿ ತೆರೆದು ಹಲ್ಲು ನೋಡುವನು. ಬಂದಿರದಿದ್ದರೆ ನೊಗವನ್ನು ಗೋಡೆಗೆ ಆನಿಸಿ, ಇನ್ನೊಂದು ವರ್ಷ ತಡೆಯೋಣವೆಂದು ಅದನ್ನು ಮೇಯಲು ಬಿಡುವನು. ಅಷ್ಟೇ ತಾಳ್ಮೆಯನ್ನು ಅವನೂ, ಅವನಿಗಿಂತ ಹೆಚ್ಚು ಓದಿದವರೂ ಪಡಸಾಲೆಯಲ್ಲಿ ಕುಳಿತ ಮಗನಿಗೆ ತೋರಿಸಲಿ.